ಕೋಸು ಕುಟ್ಟುವ ಕಾವು

ವೆನ್ಸೆಲ್ ಡೋಬ್ಲರ್ ಸತ್ತದ್ದು ಏಪ್ರಿಲ್‌ನಲ್ಲಿ. ಜೀವಮಾನವೆಲ್ಲ ಕಲ್ಲು ಒಡೆದವನು. ಆ ಕಲ್ಲಿನ ಧೂಳೇ ಅವನ ಶ್ವಾಸಕೋಶವನ್ನು ತಿಂದು ಹಾಕಿತು. ಕೊನೆಕೊನೆಗೆ ಒಂದು ಗುಟುಕು ಗಾಳಿಗೂ ಹೆಣಗುತ್ತಿದ್ದ. ಹೆಂಡತಿ ಆಫ್ರಾ ಪಕ್ಕದಲ್ಲಿ ಕೂತು ಬಾಯಿ ಒರೆಸುತ್ತಿದ್ದಳು. ಬಟ್ಟೆಗೆ ರಕ್ತ ಬರುತ್ತಿತ್ತು, ರಕ್ತದಲ್ಲಿ ಬೂದು ಬಣ್ಣದ ಕೆಸರು.

ಸಾಯುವ ಮುಂಚೆ ಅವನು ಹೇಳಿದ್ದು ಒಂದೇ ಮಾತು.

"ನನ್ನ ಗೋರಿಗೆ ಕಲ್ಲು ನಿಲ್ಲಿಸೋಕೆ ಮುಂಚೆ ಒಂದ್ಸಲ ಮೇಲೆ ಹೋಗಿ ನೋಡ್ಕೊಂಡು ಬಾ."

ಮೇಲೆ ಅಂದರೆ ಗುಡ್ಡದ ಮೇಲೆ. ಸ್ಟೈನ್‌ರಾಯ್ತ್ ಊರಿನಲ್ಲಿ ಬೇರೆ 'ಮೇಲೆ' ಇಲ್ಲ. ಅಲ್ಲಿ ಕಲ್ಲುಗಣಿ ಇದೆ. ಯುದ್ಧಕಾಲದಲ್ಲಿ ಗಣಿಯ ಪಕ್ಕದಲ್ಲೇ ಕ್ಯಾಂಪ್ ಇತ್ತು. ನಾಜಿಗಳು ಎಲ್ಲೆಲ್ಲಿಂದಲೋ ಕೈದಿಗಳನ್ನು ತಂದು, ಗಣಿಯಲ್ಲಿ ದುಡಿಸಿ, ಅಲ್ಲೇ ಸಾಯಿಸಿದರು. ಈಗ ಅದು ಸ್ಮಾರಕ. ಹೊರಗಿನವರು ಬಸ್ಸಿನಲ್ಲಿ ಬಂದು ನೋಡಿ ಹೋಗುತ್ತಾರೆ. ಊರಿನವರು ಹೋಗುವುದಿಲ್ಲ. ಆಫ್ರಾ ಗುಡ್ಡದ ಆಚೆ ಮಗ್ಗುಲಿನ ಹಳ್ಳಿಯಿಂದ ಮದುವೆಯಾಗಿ ಬಂದವಳು. ಬಂದು ಮುದುಕಿಯಾದರೂ ಅವಳೂ ಹೋಗಿರಲಿಲ್ಲ. ಬಟ್ಟೆ ಒಣಹಾಕುವಾಗ ಕಾಣುತ್ತಿತ್ತು, ಅಷ್ಟೇ.

ವೆನ್ಸೆಲ್‌ನನ್ನು ಅವನ ಅಪ್ಪ ಇಗ್ನಾತ್ಸ್‌ನ ಗುಂಡಿಯಲ್ಲೇ ಹೂತರು. ಆ ಕಡೆ ಸಮಾಧಿ ಯಾರಿಗೂ ಶಾಶ್ವತವಲ್ಲ. ಇಷ್ಟು ವರ್ಷ ಅಂತ ಕೊಡುತ್ತಾರೆ. ಅವಧಿ ಮುಗಿದರೆ ಕಲ್ಲು ಕಿತ್ತು ಜಾಗವನ್ನು ಬೇರೆಯವರಿಗೆ ಕೊಡುತ್ತಾರೆ. ಮಾವನ ಅವಧಿ ಆ ವರ್ಷವೇ ಮುಗಿಯುವುದಿತ್ತು. ಮಗನನ್ನು ಅಲ್ಲಿಗೆ ಇಳಿಸಿದ್ದರಿಂದ ಅಪ್ಪನಿಗೂ ಹೊಸ ಅವಧಿ ಸಿಕ್ಕಿತು. ವೆನ್ಸೆಲ್‌ನ ಅಕ್ಕ ಓಟೀಲಿಯಾಗೆ ಅದರಿಂದ ಬಹಳ ಸಮಾಧಾನವಾಯಿತು. ಆಫ್ರಾ ಹೆಚ್ಚು ಯೋಚಿಸಲಿಲ್ಲ. ಎಲ್ಲ ಮನೆಯವರೂ ಹಾಗೇ ಮಾಡುತ್ತಾರೆ.

ಸಮಾಧಿಯ ಮೇಲಿದ್ದ ಕಲ್ಲನ್ನು ಕಲ್ಲುಕುಟಿಗ ವೀಟುಸ್ ತನ್ನ ಅಂಗಳಕ್ಕೆ ಒಯ್ದಿದ್ದ. ಹೊಸ ಮಣ್ಣು ಇಳಿದು ಗಟ್ಟಿಯಾಗುವ ತನಕ ಕಲ್ಲು ಇಡುವ ಹಾಗಿಲ್ಲ. ಅಲ್ಲಿಯವರೆಗೆ ಮರದ ಶಿಲುಬೆ. ಕಲ್ಲಿನ ಮೇಲೆ ಹೀಗಿತ್ತು: ಇಗ್ನಾತ್ಸ್ ಡೋಬ್ಲರ್, ಗಣಿ ಮೇಸ್ತ್ರಿ. ದುಡಿಮೆಯೇ ಇವನ ಬದುಕು. ಅದರ ಕೆಳಗೆ ವೆನ್ಸೆಲ್‌ನ ಹೆಸರು ಕೆತ್ತಬೇಕಿತ್ತು.

ಅಕ್ಟೋಬರ್‌ನಲ್ಲಿ ಓಟೀಲಿಯಾ ಬೇಲಿಯ ಆಚೆ ಬಂದು ನಿಂತಳು. ನಾಲ್ಕು ಮನೆ ಆಚೆಗೆ ಅವಳ ಮನೆ.

"ಸಂತರ ಹಬ್ಬ ಬಂತು. ಕಲ್ಲು ಯಾವಾಗ ಇಡಿಸ್ತೀಯ?"

"ಇಡಿಸ್ತೀನಿ."

"ಅವತ್ತು ಊರೆಲ್ಲ ಸ್ಮಶಾನದಲ್ಲಿ ನಿಲ್ಲುತ್ತೆ, ಪಾದ್ರಿ ನೀರು ಚಿಮುಕಿಸ್ತಾರೆ, ನಮ್ಮಪ್ಪನ ಮೇಲೆ ಎರಡು ಕಡ್ಡಿ ನಿಂತಿರುತ್ತೆ. ಜನ ಏನಂತಾರೆ? ಡೋಬ್ಲರ್ ಮನೇಲಿ ಕಲ್ಲಿಗೂ ಗತಿ ಇಲ್ವಾ ಅಂತಾರೆ."

"ನನ್ನ ಗಂಡಾನೂ ಅಲ್ಲೇ ಇದಾನೆ, ಓಟೀಲಿಯಾ."

"ಅವನೂ ಇದಾನೆ. ಇಲ್ಲ ಅಂದ್ನಾ? ಅಪ್ಪ ಮೊದಲು ಹೋದ್ರು, ಅವರ ಹೆಸರು ಮೇಲೆ. ಅವನದು ಕೆಳಗೆ."

ಅವಳು ಹೋದ ಮೇಲೆ ಆಫ್ರಾ ಕೋಸು ಕುಟ್ಟಲು ಕೂತಳು.

ಎಲೆಕೋಸನ್ನು ಸಣ್ಣಗೆ ಹೆಚ್ಚಿ, ಉಪ್ಪು ಹಾಕಿ, ದೊಡ್ಡ ಮಣ್ಣಿನ ಜಾಡಿಗೆ ತುಂಬಿ, ನೀರು ಬಿಡುವ ತನಕ ಕುಟ್ಟಬೇಕು. ಹುಳಿ ಬಂದ ಮೇಲೆ ಚಳಿಗಾಲಕ್ಕೆಲ್ಲ ಅದೇ. ಕುಟ್ಟಲು ಅವಳ ಹತ್ತಿರ ಒಂದು ಒನಕೆಯಂಥ ಕೋಲಿತ್ತು. ಒನಕೆಯಲ್ಲ, ದೊಡ್ಡ ಸುತ್ತಿಗೆಯ ಕಾವು, ಅಂದರೆ ಅದರ ಮರದ ಹಿಡಿ. ತುದಿಗೆ ಹಿತ್ತಾಳೆಯ ಬಳೆ. ಉದ್ದಕ್ಕೂ ಗೇಣಿಗೊಂದು ಸುಟ್ಟ ಗುರುತು. ಮಾವನದು.

ಮಾವನ ಜೊತೆ ಅವಳು ಒಂದೇ ಮನೆಯಲ್ಲಿ ಹನ್ನೆರಡು ವರ್ಷ ಕಳೆದಿದ್ದಳು. ಅತ್ತೆ ಮೊದಲೇ ಸತ್ತಿದ್ದಳು. ಮಾವ ಆ ಕಾವನ್ನು ಕೈಯಿಂದ ಬಿಡುತ್ತಿರಲಿಲ್ಲ. ಸೌದೆಯ ರಾಶಿ ಅಳೆಯುತ್ತಿದ್ದ. ಬ್ರೆಡ್ಡು ಅಳೆಯುತ್ತಿದ್ದ. ಹಂದಿಯ ಎತ್ತರ ಅಳೆಯುತ್ತಿದ್ದ, ಗುರುತಿಗೆ ಬಂದ ದಿನ ಅದರ ಹಣೆಗೆ ಅದೇ ಕಾವಿನಿಂದ ಒಂದು ಬಿಟ್ಟರೆ ಹಂದಿ ಸದ್ದಿಲ್ಲದೆ ಮಂಡಿಯೂರುತ್ತಿತ್ತು. ವೆನ್ಸೆಲ್‌ನ ಎಡಗಿವಿ ಕೇಳುತ್ತಿರಲಿಲ್ಲ. ಚಿಕ್ಕವನಿದ್ದಾಗ ಅಪ್ಪ ಕೊಟ್ಟ ಏಟು. ಮದುವೆಯಾದ ಎರಡನೇ ವರ್ಷ ಆಫ್ರಾ ಮೇಜಿನ ಮೇಲೆ ಸೂಪು ಚೆಲ್ಲಿದಳು. ಮಾವ ಏಳಲೂ ಇಲ್ಲ, ಕೂತಲ್ಲಿಂದಲೇ ಅವಳ ಬಲಗೈ ಮೇಲೆ ಬಿಟ್ಟ. ಮೂಳೆ ಮುರಿದದ್ದು ಅವಳಿಗೆ ಕೇಳಿಸಿತು. ಅಂದಿನಿಂದ ಆ ಕೈಯ ಎರಡು ಬೆರಳು ಮಡಚುವುದಿಲ್ಲ. ಅವತ್ತು ವೆನ್ಸೆಲ್ ಎದ್ದು ನಿಂತ, ಮತ್ತೆ ಕೂತ. ಮಾವ ಸೂಪು ಕುಡಿದು ಮುಗಿಸಿದ.

ಮಾವನನ್ನು ಹೂತು ಬಂದ ದಿನ ವೆನ್ಸೆಲ್ ಆ ಕಾವನ್ನು ಸೌದೆಯ ರಾಶಿಗೆ ಎಸೆದ. ಆಫ್ರಾ ಎತ್ತಿಕೊಂಡು ಬಂದಳು.

"ಒಳ್ಳೆ ಮರ ಕಣೋ. ಸುಡೋಕೆ ಹುಚ್ಚಾ? ಕೋಸು ಕುಟ್ಟೋಕೆ ಆಗುತ್ತೆ."

ಆ ಮನೆಗಳಲ್ಲಿ ಏನನ್ನೂ ಬಿಸಾಡುವುದಿಲ್ಲ. ಜೊತೆಗೆ ಅವಳಿಗೆ ಒಳಗೊಳಗೇ ಒಂದು ಸಂತೋಷ. ಅವನು ಮಣ್ಣಿನ ಕೆಳಗೆ, ಅವನ ಕೋಲು ನನ್ನ ಕೈಯಲ್ಲಿ. ವೆನ್ಸೆಲ್ ಅವಳ ಮುಖ ನೋಡಿದ, ಏನೋ ಹೇಳಲು ಬಾಯಿ ತೆರೆದ, ಹೇಳಲಿಲ್ಲ.

ಅಂದಿನಿಂದ ಪ್ರತಿ ವರ್ಷ ಕೋಸು ಕುಟ್ಟುವ ದಿನ ಅವನು ಟೋಪಿ ಹಾಕಿಕೊಂಡು ಹೊರಗೆ ಹೋಗಿಬಿಡುತ್ತಿದ್ದ. ಬರುವಷ್ಟರಲ್ಲಿ ಕತ್ತಲೆ. ವಾಸನೆಗೆ ಅಂದುಕೊಂಡಿದ್ದಳು.

"ಇಡೀ ಜರ್ಮನಿಯಲ್ಲಿ ಕೋಸಿಗೆ ಹೆದರಿ ಓಡೋ ಗಂಡಸು ನೀನೊಬ್ನೇ" ಎಂದು ಹಂಗಿಸುತ್ತಿದ್ದಳು.

ಅವನು ನಗುತ್ತಿದ್ದ. ಹುಳಿಕೋಸು ಮಾತ್ರ ಮುಟ್ಟುತ್ತಿರಲಿಲ್ಲ. ಹೊಟ್ಟೆಗೆ ಆಗಲ್ಲ ಅನ್ನುತ್ತಿದ್ದ.

ಈ ವರ್ಷ ಎದ್ದು ಹೋಗಲು ಮನೆಯಲ್ಲಿ ಯಾರೂ ಇರಲಿಲ್ಲ. ಟೋಪಿ ಮೊಳೆಯಲ್ಲಿ ನೇತಾಡುತ್ತಿತ್ತು. ಆಫ್ರಾ ಕುಟ್ಟಿದಳು. ಕೋಸು ಕರಕರ ಅಂದಿತು, ನೀರು ಬಿಟ್ಟಿತು. ಟೋಪಿ ನೋಡಿದಳು. ಮತ್ತೆ ಕುಟ್ಟಿದಳು. ಕೈ ನಿಂತುಹೋಯಿತು. ವಾಸನೆಗೆ ಹೆದರಿದವನು ಹುಳಿ ಬಂದ ಮೇಲೆ ಓಡಬೇಕಿತ್ತು. ಹಸಿ ಕೋಸಿಗೆ ಎಂಥ ವಾಸನೆ?

ಮಾರನೆಯ ದಿನ ಭಾನುವಾರ. ಚರ್ಚಿನಿಂದ ಹಾಗೇ, ಕಪ್ಪು ಕೋಟಿನಲ್ಲಿ, ಮೇಲೆ ಹೋದಳು.

ಬಾಗಿಲಲ್ಲಿ ಮಾರೈಕೆ ಎಂಬ ಹುಡುಗಿ ಕೂತಿದ್ದಳು. ಉತ್ತರದ ಕಡೆಯವಳು, ಮಾತು ಚುರುಕು.

"ಎಲ್ಲಿಂದ ಬಂದಿದೀರ ಮೇಡಂ? ದೂರದಿಂದಾನಾ?"

"ಕೆಳಗಿಂದ."

"ಕೆಳಗಿಂದ ಅಂದ್ರೆ? ಈ ಊರಿಂದಾ?" ಹುಡುಗಿ ಪೆನ್ನು ಕೆಳಗಿಟ್ಟಳು. "ನಾನು ಇಲ್ಲಿ ಕೂತಾಗಿನಿಂದ ಈ ಊರವರು ಅಂತ ನೀವೇ ಮೊದಲು."

"ನಂಗೆ ಮಂಡಿ ನೋವು. ಇಲ್ಲಾಂದ್ರೆ ಮುಂಚೇನೇ ಬರ್ತಿದ್ದೆ" ಅಂದಳು ಆಫ್ರಾ. ಸುಳ್ಳು.

ಒಳಗೆ ಗೋಡೆಯ ಮೇಲೆ ಬರೆದದ್ದನ್ನು ಬೆರಳಿಟ್ಟು ಓದಿದಳು. ಅವಳು ಓದಿದ್ದು ಹಳ್ಳಿಯ ಶಾಲೆಯಲ್ಲಿ, ಯುದ್ಧ ಮುಗಿದ ಮೇಲೆ. ಅಲ್ಲಿ ಇತಿಹಾಸವೆಂದರೆ ಜರ್ಮನಿಯ ದೊರೆ ಕೈಸರ್ ದೇಶ ಬಿಟ್ಟು ಓಡಿದ, ಅಲ್ಲಿಗೆ ಮುಗಿಯಿತು. ಮಾಸ್ತರರು ಪುಸ್ತಕ ಮುಚ್ಚಿ, ಇನ್ನು ಹಾಡು ಹೇಳಿ ಅನ್ನುತ್ತಿದ್ದರು. ಇಲ್ಲಿ ಮುಂದಿನದೆಲ್ಲ ಇತ್ತು. ಗಣಿಯ ಚಿತ್ರ ಇತ್ತು. ಪಟ್ಟೆ ಬಟ್ಟೆಯ ಕೈದಿಗಳು ಬಂಡೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದರು. ಮೇಲಿದ್ದವನು ಬಿದ್ದರೆ ಕೆಳಗಿನವರೆಲ್ಲ ಬಂಡೆಯ ಅಡಿಗೆ. ಕೆಲವು ಸಲ ಕಾವಲುಗಾರರು ಬೇಕಂತಲೇ ತಳ್ಳುತ್ತಿದ್ದರಂತೆ, ಆಟಕ್ಕೆ. ಹೆಣ ಸುಡುವ ಒಲೆಯ ಚಿತ್ರ ಇತ್ತು. ಚಿಕ್ಕ ಒಲೆ. ಅದರ ಬಾಯಿ ಬೇಕರಿಯ ಒಲೆಯ ಬಾಯಿಯಷ್ಟೇ.

ಕೊನೆಯ ಕೋಣೆಯಲ್ಲಿ ಒಂದು ಟೀವಿ. ಬದುಕಿ ಉಳಿದವನೊಬ್ಬ ಮಾತಾಡುತ್ತಿದ್ದ. ಚೆಕ್ ದೇಶದ ಮುದುಕ, ಪಿಲ್ಸೆನ್ ಊರಿನ ಕಡೆಯವನು.

"ಅವನ ಹತ್ರ ಬಂದೂಕ ಇರಲಿಲ್ಲ. ಯೂನಿಫಾರ್ಮೂ ಇಲ್ಲ. ಊರಿನವನು, ಮೇಸ್ತ್ರಿ. ಬೆಳಿಗ್ಗೆ ಸೈಕಲ್‌ನಲ್ಲಿ ಬರ್ತಿದ್ದ. ಕೈಯಲ್ಲಿ ಸುತ್ತಿಗೆ ಕಾವು, ತುದೀಲಿ ಹಿತ್ತಾಳೆ ಬಳೆ. ಗೇಣಿಗೊಂದು ಗುರುತು ಸುಟ್ಟಿದ್ದ. ನಾವು ಕೆತ್ತಿದ ಕಲ್ಲನ್ನ ಅದ್ರಲ್ಲಿ ಅಳೀತಿದ್ದ. ಗಿಡ್ಡ ಬಂದ್ರೆ, ಕೆತ್ತಿದವನು ಅದೇ ಕಲ್ಲಿನ ಮೇಲೆ ತಲೆ ಇಡಬೇಕು. ನನ್ನ ಗೆಳೆಯ ಯಾರೊಸ್ಲಾವನ ಕಲ್ಲು ಬೆರಳಗಲ ಗಿಡ್ಡ ಇತ್ತು. ಇಟ್ಟ. ಮೊದಲ ಏಟಿಗೆ ಕಿವಿ ಹೋಯ್ತು. ಎರಡನೇದಕ್ಕೆ ಕಣ್ಣು ಹೊರಗೆ ಬಂತು. ಕೈಕಾಲು ಒದರ್ತಾ ಇದ್ದ. ಆಮೇಲೆ ಮೇಸ್ತ್ರಿ ಕುಟ್ಟಿದ. ಜೋರಾಗಿ ಅಲ್ಲ. ನಮ್ಮಮ್ಮ ಕೋಸು ಕುಟ್ತಿದ್ದಳಲ್ಲ, ಹಾಗೆ, ನಿಧಾನಕ್ಕೆ, ಸುತ್ತಲೂ. ನೀರು ಬಿಡೋ ತನಕ. ಆಮೇಲೆ ಕಾವನ್ನ ಹುಲ್ಲಲ್ಲಿ ಒರೆಸಿ ಮುಂದಿನ ಕಲ್ಲು ಅಳೆದ. ಅವನ ಹೆಸರು ನಂಗೆ ಗೊತ್ತಿಲ್ಲ. ಅಳತೆಯಪ್ಪ ಅಂತಿದ್ವಿ. ಯುದ್ಧ ಮುಗಿದ ಮೇಲೆ ಕೆಳಗೆ ಊರಿಗೆ ಹೋಗಿ ಕೇಳಿದೆ. ಯಾರೂ ಹೇಳಲಿಲ್ಲ."

ಆಫ್ರಾ ಬೆಂಚಿನ ಮೇಲೆ ಕೂತಳು. ಟೀವಿ ಮತ್ತೆ ಮೊದಲಿನಿಂದ ಶುರುವಾಯಿತು. ಮತ್ತೆ ಕೇಳಿದಳು. ಆಮೇಲೆ ಎದ್ದು, ಗೋಡೆ ಹಿಡಿದು, ಮೂಲೆಯಲ್ಲಿದ್ದ ಕಸದ ಡಬ್ಬಿಗೆ ವಾಂತಿ ಮಾಡಿದಳು.

ಮಾರೈಕೆ ಓಡಿ ಬಂದು ನೀರು ಕೊಟ್ಟಳು.

"ಆ ಮುದುಕ ಇನ್ನೂ ಬದುಕಿದಾನಾ?" ಎಂದು ಕೇಳಿದಳು ಆಫ್ರಾ.

"ಇದಾರೆ. ಪ್ರತಿ ವರ್ಷ ಬರ್ತಾರೆ. ಬಾಗಿಲಲ್ಲೇ ನಿಂತು, ಹೆಸರು ಸಿಕ್ತಾ ಅಂತಾರೆ. ಸಿಕ್ಕಿಲ್ಲ ಅಂದ್ರೆ ಆಯ್ತು ಅಂತ ಒಳಗೆ ಹೋಗ್ತಾರೆ."

ಆಫ್ರಾ ನೀರು ಕುಡಿದು ಲೋಟ ಹಿಂದಿರುಗಿಸಿದಳು. ಮಾವನ ಹೆಸರೂ ಡೋಬ್ಲರ್, ಗಂಡನ ಹೆಸರೂ ಡೋಬ್ಲರ್. ಒಂದು ಹೇಳಿದರೆ ಇನ್ನೊಂದನ್ನೂ ಹೇಳಿದಂತೆ. ಇಬ್ಬರೂ ಒಂದೇ ಗುಂಡಿಯಲ್ಲಿದ್ದಾರೆ, ಅಲ್ಲಿಗೆ ಇಳಿಸಿದ್ದು ಅವಳೇ. ಒಂದು ವರ್ಷ ತಡೆದಿದ್ದರೆ ಮಾವನ ಕಲ್ಲನ್ನು ಎತ್ತಿ ಎಸೆಯುತ್ತಿದ್ದರು. ಅವಳು ತನ್ನ ಗಂಡನ ಹೆಣ ಕೊಟ್ಟು ಅವನಿಗೆ ಜಾಗ ಉಳಿಸಿದ್ದಳು.

ಹೋಗುವಾಗ ಅಲ್ಲಿಂದ ಒಂದು ದಪ್ಪ ಪುಸ್ತಕ ಕೊಂಡಳು. ಮೂರು ಮಧ್ಯಾಹ್ನ ಅಡಿಗೆಮನೆಯ ಮೇಜಿನ ಮೇಲೆ ಇಟ್ಟುಕೊಂಡು ಓದಿದಳು. ಹಸಿವಿನಿಂದ ಸತ್ತವರು, ಜ್ವರದಿಂದ ಸತ್ತವರು, ಹಿಮದಲ್ಲಿ ನಿಲ್ಲಿಸಿ ನೀರು ಸುರಿದಾಗ ಸತ್ತವರು, ಎಲ್ಲರೂ ಇದ್ದರು. ದೊಡ್ಡ ಅಧಿಕಾರಿಗಳ ಹೆಸರೂ ಇತ್ತು. ಸೈಕಲ್‌ನಲ್ಲಿ ಬಂದವರ ಹೆಸರು ಇರಲಿಲ್ಲ. ಗಣಿಯ ಕಲ್ಲಿಗೆ ಒಳ್ಳೆಯ ಬೇಡಿಕೆ ಇತ್ತು ಎಂದು ಬರೆದಿತ್ತು.

ಪುಸ್ತಕ ಓದುವಾಗ ಕಾವು ಮೇಜಿನ ಮೇಲೇ ಇತ್ತು. ಒಳಗಿಡಲು ಜಾಗ ತೋಚಲಿಲ್ಲ. ಜಾಡಿಯಲ್ಲಿ ಕುಟ್ಟಿದ ಕೋಸು ಹಾಗೇ ಇತ್ತು.

ಮೂರನೆಯ ಮಧ್ಯಾಹ್ನ ಓಟೀಲಿಯಾ ಬಂದಳು. ಪುಸ್ತಕ ನೋಡಿದಳು. ಕಾವು ನೋಡಿದಳು. ಕೂರಲಿಲ್ಲ.

"ಮೇಲೆ ಹೋಗಿದ್ಯಂತೆ."

"ಹೋಗಿದ್ದೆ. ನಿನಗೆ ಗೊತ್ತಿತ್ತು."

"ಯಾರಿಗೆ ಗೊತ್ತಿರಲಿಲ್ಲ? ಊರಿಗೇ ಕೇಳಿಸ್ತಿತ್ತು. ಗಾಳಿ ಈ ಕಡೆ ತಿರುಗಿದ್ರೆ ಕಿಟಕಿ ಹಾಕ್ತಿದ್ವಿ. ನೀನು ಗುಡ್ಡದ ಆಚೆಯವಳು, ನಿಂಗೆ ಮಾತ್ರ ಗೊತ್ತಿರಲಿಲ್ಲ."

"ನನ್ನ ಕೈಲಿ ಇದ್ರಲ್ಲಿ ಕೋಸು ಕುಟ್ಟಿಸಿದ್ರಿ."

"ಯಾರು ಕುಟ್ಟು ಅಂದ್ರು? ವೆನ್ಸೆಲ್ ಎಸೆದಿದ್ದ, ಜಿಪುಣಿ ನೀನು ಎತ್ಕೊಂಡು ಬಂದೆ. ನಾನೂ ತಿಂದಿದೀನಿ ಆ ಕೋಸು, ಸತ್ತೋಗಿಲ್ಲ." ಓಟೀಲಿಯಾ ಒಲೆಯ ಬಾಗಿಲು ತೆಗೆದಳು. ಒಳಗೆ ಕೆಂಡ ಉರಿಯುತ್ತಿತ್ತು. "ಕೊಡು ಇಲ್ಲಿ. ಒಲೆಗೆ ಹಾಕಿದ್ರೆ ಮುಗೀತು. ಅಪ್ಪ ಅವತ್ತು ಅಲ್ಲಿ ಕೆಲಸ ಮಾಡಲಿಲ್ಲ ಅಂದ್ರೆ ಅವರನ್ನ ರಷ್ಯಾಗೆ ಕಳಿಸ್ತಿದ್ರು. ನಾವು ಹಸಿದು ಸಾಯ್ತಿದ್ವಿ."

"ಕೆಲಸ ಮಾಡು ಅಂದಿರಬಹುದು. ಕುಟ್ಟು ಅಂತ ಯಾರು ಹೇಳಿದ್ರು?"

ಓಟೀಲಿಯಾ ಕಾವಿಗೆ ಕೈ ಹಾಕಿದಳು. ಆಫ್ರಾ ಇನ್ನೊಂದು ತುದಿ ಹಿಡಿದಳು. ಇಬ್ಬರು ಮುದುಕಿಯರು ಅಡಿಗೆಮನೆಯಲ್ಲಿ ಎಳೆದಾಡಿದರು. ಕುರ್ಚಿ ಉರುಳಿತು. ಓಟೀಲಿಯಾ ಅವಳ ಮಣಿಕಟ್ಟಿಗೆ ಹಲ್ಲು ಊರಿದಳು. ಆಫ್ರಾ ಅವಳನ್ನು ಭುಜದಿಂದ ಗೋಡೆಗೆ ಗುದ್ದಿದಳು. ಕಚ್ಚಿದ ಮಣಿಕಟ್ಟಿನಿಂದ ರಕ್ತ ಇಳಿಯುತ್ತಿತ್ತು. ಕಾವು ಕೈಗೆ ಬಂತು. ಎತ್ತಿದಳು.

ಅದು ಕೈಗೆ ಚೆನ್ನಾಗಿ ಕೂರುತ್ತಿತ್ತು. ಅದೇ ಅವಳಿಗೆ ಹೆದರಿಕೆ ತಂದದ್ದು. ಹೊಡೆಯಬೇಕು ಅನ್ನಿಸಿತು. ಒಂದೇ ಒಂದು, ಆ ಬಿಳಿ ತಲೆಯ ಮೇಲೆ.

ಓಟೀಲಿಯಾ ಕೂಗಲಿಲ್ಲ. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು, ಮಂಡಿಯಲ್ಲಿ ತಲೆ ಹುದುಗಿಸಿ, ನೆಲಕ್ಕೆ ಕುಸಿದು ಕೂತಳು. ಥಟ್ಟನೆ, ಪಾಠ ಒಪ್ಪಿಸಿದ ಹಾಗೆ. ಎಪ್ಪತ್ತು ದಾಟಿದ ಹೆಂಗಸು.

ಆಫ್ರಾ ಕಾವನ್ನು ಜಾಡಿಯ ಮೇಲೆ ಬಿಟ್ಟಳು. ಜಾಡಿ ಸಿಡಿದು ಹೋಳಾಯಿತು. ಕೋಸು, ಉಪ್ಪುನೀರು ನೆಲದ ತುಂಬ. ಮತ್ತೆ ಹೊಡೆದಳು. ಹೋಳುಗಳೂ ಪುಡಿಯಾಗುವ ತನಕ ಹೊಡೆದಳು. ಆಮೇಲೆ ಉಸಿರು ಸಿಗದೆ ನಿಂತಳು.

ಓಟೀಲಿಯಾ ನಿಧಾನವಾಗಿ ಎದ್ದು ಸ್ಕರ್ಟಿಗೆ ಅಂಟಿದ ಕೋಸು ಕೊಡವಿದಳು.

"ನಂಗೂ ಹೊಡೀತಿದ್ರು" ಅಂದಳು. "ಆದ್ರೂ ಅಪ್ಪ. ಆ ಹೆಸರಿಗೆ ಕೈ ಹಾಕಿದ್ರೆ ನೀನು ನಮ್ಮನೆಯವಳಲ್ಲ."

ಅವಳು ಹೋದಳು. ಆಫ್ರಾ ಬಕೆಟ್ಟು ತಂದು ನೆಲ ಬಳಿದಳು. ಕೈಗೆ ಬಟ್ಟೆ ಸುತ್ತಿದಳು. ಕಾವನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಗುಡ್ಡ ಹತ್ತಿದಳು.

ಮಾರೈಕೆಯ ಮೇಜಿನ ಮೇಲೆ ಬಿಚ್ಚಿದಳು. ಹುಡುಗಿ ಮುಟ್ಟಲಿಲ್ಲ. ಹಿತ್ತಾಳೆಯ ಬಳೆ ನೋಡಿದಳು, ಗುರುತು ನೋಡಿದಳು, ಆಮೇಲೆ ಆಫ್ರಾಳ ಮುಖ ನೋಡಿದಳು.

"ಇದು ಎಲ್ಲಿತ್ತು ಮೇಡಂ?"

"ನನ್ನ ಅಡಿಗೆಮನೇಲಿ. ಕೋಸು ಕುಟ್ತಿದ್ದೆ."

ಮಾರೈಕೆ ಪೆನ್ನು ತೆಗೆದುಕೊಂಡಳು.

"ಬರ್ಕೋ" ಅಂದಳು ಆಫ್ರಾ. "ಇಗ್ನಾತ್ಸ್ ಡೋಬ್ಲರ್. ನನ್ನ ಮಾವ. ಆ ಮುದುಕನಿಗೆ ಇವತ್ತೇ ಫೋನ್ ಮಾಡು. ವರ್ಷ ಕಾಯಿಸಬೇಡ, ವಯಸ್ಸಾಗಿದೆ ಅವನಿಗೆ." ಬಾಗಿಲ ತನಕ ಹೋಗಿ ತಿರುಗಿದಳು. "ಡೋಬ್ಲರ್ ಅಂತ ಮಾತ್ರ ಬರೀಬೇಡ. ಇಗ್ನಾತ್ಸ್ ಅಂತ ಸೇರಿಸಿ ಬರಿ. ನನ್ನ ಗಂಡ ವೆನ್ಸೆಲ್. ಅವನು ಯಾರನ್ನೂ ಹೊಡೆಯಲಿಲ್ಲ. ಹೇಳಲೂ ಇಲ್ಲ. ಅದನ್ನೂ ಬೇಕಾದ್ರೆ ಬರ್ಕೋ."

ಅಲ್ಲಿಂದ ನೇರ ವೀಟುಸ್‌ನ ಅಂಗಳಕ್ಕೆ ಹೋದಳು. ವೀಟುಸ್ ವೆನ್ಸೆಲ್‌ನ ಕೈಕೆಳಗೆ ಕೆಲಸ ಕಲಿತವನು. ಮಾವನ ಕಲ್ಲು ಗೋಡೆಗೆ ಒರಗಿತ್ತು. ಎಲ್ಲವನ್ನೂ ಹೇಳಿದಳು. ಅವನು ಉಳಿಗೆ ಸಾಣೆ ಹಿಡಿಯುತ್ತಲೇ ಕೇಳಿದ.

"ನಂಗೆ ಗೊತ್ತಿತ್ತು ಡೋಬ್ಲರಮ್ಮ. ನಮ್ಮ ತಾತ ಹೇಳ್ತಿದ್ರು, ಕುಡಿದಾಗ." ಉಳಿಯನ್ನು ತಿರುಗಿಸಿ ಹಿಡಿದ. "ಆ ಹೆಸರು ಬೇಡ ಅಂದ್ರೆ ಹೇಳಿ. ಗ್ರೈಂಡರ್ ಹಿಡಿದ್ರೆ ಸಂಜೆ ಒಳಗೆ ಅಲ್ಲಿ ಏನೂ ಇರಲ್ಲ. ಕನ್ನಡಿ ಥರ ಮಾಡಿ ಕೊಡ್ತೀನಿ. ವೆನ್ಸೆಲ್ ಹೆಸರು ಮಾತ್ರ ಕೆತ್ತೋಣ."

"ಈ ಕಲ್ಲು ಎಲ್ಲಿಯದು?"

"ಎಲ್ಲೀದು ಅಂದ್ರೆ? ಮೇಲಿನದೇ."

"ಯಾವ ಕಾಲದ್ದು?"

ವೀಟುಸ್ ಸಾಣೆ ನಿಲ್ಲಿಸಿದ. ಕಲ್ಲಿನ ಹಿಂಬದಿಯ ಉಳಿ ಗುರುತಿನ ಮೇಲೆ ಬೆರಳಾಡಿಸಿದ. "ಆ ಕಾಲದ್ದೇ. ಮೇಸ್ತ್ರಿ ತನಗೆ ಅಂತ ಮೊದಲೇ ಒಂದು ತೆಗೆದಿಟ್ಕೊಂಡಿದ್ರು. ಅಳತೆ ಸರಿ ಇದೆ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ."

ಆಫ್ರಾ ಕಲ್ಲನ್ನು ಮುಟ್ಟಲಿಲ್ಲ.

"ಉಜ್ಜಬೇಡ" ಅಂದಳು. "ಉಜ್ಜಿದ್ದು ಸಾಕು ಈ ಊರಲ್ಲಿ. ಹೆಸರು ಇರಲಿ, ಹೀಗೇ ಇಲ್ಲೇ ಇರಲಿ. ಕೇಳಿಕೊಂಡು ಬಂದವರಿಗೆ ತೋರಿಸು. ನನ್ನ ಗಂಡನ ಮೇಲೆ ಇದು ಬರೋದು ಬೇಡ. ಅವನಿಗೆ ಮರದ್ದೇ ಸಾಕು."

"ಮರ ಎಷ್ಟು ವರ್ಷ ಬರುತ್ತೆ ಡೋಬ್ಲರಮ್ಮ?"

"ನಾನಿರೋ ತನಕ ಬರುತ್ತೆ."

ವೀಟುಸ್‌ಗೆ ಹೇಳಿದರೆ ಊರಿಗೆ ಹೇಳಿದ ಹಾಗೆ. ಹಬ್ಬದ ಹೊತ್ತಿಗೆ ಬೇಕರಿಯಲ್ಲಿ ಅವಳು ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಯಾರೋ ಅವಳ ಅಡಿಗೆಮನೆಯ ಕಿಟಕಿಗೆ ಕಲ್ಲು ಹೊಡೆದರು. ಗಾಜು ಅವಳ ತಟ್ಟೆಗೇ ಬಿತ್ತು. ರಟ್ಟು ಅಂಟಿಸಿದಳು.

ಸಂತರ ಹಬ್ಬದ ಮಧ್ಯಾಹ್ನ ಸ್ಮಶಾನ ತುಂಬಿತ್ತು. ಒಂದೊಂದು ಮನೆಯವರು ತಮ್ಮ ತಮ್ಮ ಕಲ್ಲಿನ ಮುಂದೆ. ಕಲ್ಲುಗಳು ತಿಕ್ಕಿ ತೊಳೆದು ಹೊಳೆಯುತ್ತಿದ್ದವು. ಎಲ್ಲ ಗಣಿಯ ಅದೇ ಬೂದು ಕಲ್ಲು. ಇಷ್ಟು ವರ್ಷ ಅವಳು ಅದನ್ನು ಬರೀ ಕಲ್ಲು ಅಂದುಕೊಂಡಿದ್ದಳು. ಎಲ್ಲದರ ಮೇಲೂ ಕೆಂಪು ದೀಪ, ಸೇವಂತಿಗೆ ಕುಂಡ. ಆಫ್ರಾ ಮರದ ಶಿಲುಬೆಯ ಮುಂದೆ ಒಬ್ಬಳೇ ನಿಂತಳು. ಅಕ್ಕಪಕ್ಕದವರು ಸ್ವಲ್ಪ ಸರಿದು ನಿಂತರು.

ಪಾದ್ರಿ ಮೊದಲ ಸಾಲಿಗೆ ಬಂದಾಗ ಓಟೀಲಿಯಾ ಜನರ ನಡುವೆ ನುಗ್ಗಿ ಬಂದಳು. ಕೈಯಲ್ಲಿ ಸೇವಂತಿಗೆ ಕುಂಡ.

"ಎಲ್ಲಿ ನಮ್ಮಪ್ಪನ ಕಲ್ಲು?"

ಆಫ್ರಾ ಶಿಲುಬೆಯ ಕಡೆ ನೋಡಿದಳು.

"ಅಪ್ಪನನ್ನ ಮಾರಿಬಿಟ್ಟೆಯಲ್ಲೇ. ಚೆಕ್ ದೇಶದವನೊಬ್ಬನಿಗೆ ಮಾರಿಬಿಟ್ಟೆ!"

ಕುಂಡ ಆಫ್ರಾಳ ಎದೆಗೆ ಬಡಿಯಿತು. ಮಣ್ಣು, ಹೂವು, ಹೋಳು ಎಲ್ಲ ಕಪ್ಪು ಕೋಟಿನ ಮೇಲೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಅಷ್ಟರಲ್ಲಿ ಓಟೀಲಿಯಾ ಶಿಲುಬೆಯನ್ನು ಎರಡೂ ಕೈಯಿಂದ ಅಲ್ಲಾಡಿಸಿ ಕಿತ್ತು ಎಸೆದಳು. ಆಮೇಲೆ ಮುಷ್ಟಿಯಿಂದ ಆಫ್ರಾಳ ಬಾಯಿಗೆ ಗುದ್ದಿದಳು. ತುಟಿ ಒಡೆಯಿತು. ಯಾರೋ ಓಟೀಲಿಯಾಳ ತೋಳು ಹಿಡಿದು ಎಳೆದುಕೊಂಡು ಹೋದರು. ಅವಳು ಹೋಗುತ್ತಾ ಅಪ್ಪಾ, ಅಪ್ಪಾ ಎಂದು ಕೂಗುತ್ತಿದ್ದಳು. ಕೂಗುವಾಗಲೂ ಒಂದು ಕೈ ಕಿವಿಯ ಮೇಲೇ ಇತ್ತು.

ಪಾದ್ರಿ ಅಲ್ಲೇ ನಿಂತಿದ್ದರು.

ಆಫ್ರಾ ಬಗ್ಗಿ ಶಿಲುಬೆಯನ್ನು ಎತ್ತಿಕೊಂಡಳು. ವೆನ್ಸೆಲ್ ಎಂಬ ಹೆಸರಿನ ಮೇಲಿದ್ದ ಮಣ್ಣನ್ನು ತೋಳಿನಿಂದ ಒರೆಸಿದಳು. ಕಿತ್ತ ತೂತಿಗೆ ಇಳಿಸಿದಳು. ನಿಲ್ಲಲಿಲ್ಲ, ಓಲಿತು. ಗಟ್ಟಿಯಾಗಿ ಕುಟ್ಟಿ ನಿಲ್ಲಿಸಲು ಕೈಯಲ್ಲಿ ಏನೂ ಇರಲಿಲ್ಲ. ಬೂಟಿನಿಂದ ಮಣ್ಣು ತುಳಿದಳು. ಆಗಲೂ ಓಲಿತು. ಅವಳು ಅದನ್ನು ಕೈಯಿಂದ ಹಿಡಿದುಕೊಂಡು ನಿಂತಳು.

"ಬನ್ನಿ ಫಾದರ್" ಅಂದಳು. "ನನ್ನ ಗಂಡನಿಗೆ ನೀರು ಹಾಕಿ."

ಪಾದ್ರಿ ಬಂದರು. ನೀರು ಚಿಮುಕಿಸಿದರು. ಕೆಲವು ಹನಿ ಮಣ್ಣಿಗೆ ಬಿದ್ದವು, ಕೆಲವು ಅವಳ ಒಡೆದ ತುಟಿಗೆ. ಉರಿಯಿತು. ಪಾದ್ರಿ ಮುಂದಿನ ಸಾಲಿಗೆ ಹೋದರು.

ಜನ ಎಲ್ಲ ಮನೆಗೆ ಹೋಗುವ ತನಕ ಆಫ್ರಾ ಶಿಲುಬೆ ಬಿಡಲಿಲ್ಲ. ಎರಡು ಬೆರಳು ಮಡಚುತ್ತಿರಲಿಲ್ಲ. ಮೂರರಲ್ಲಿ ಹಿಡಿದಿದ್ದಳು.